ಟಾಲ್, ಹೈ, ಹೈಟ್: ಎತ್ತರದ ಇಂಗ್ಲಿಷ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ರೋಣ, ಮುಂಡರಗಿ, ಹಾನಗಲ್ಲ, ಕಲಘಟಗಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವವರೇ ಜಾಸ್ತಿ, ಬಹುತೇಕ ಎಲ್ಲರೂ ಕನ್ನಡ ಮಾಧ್ಯಮದವರು. ಟಾಲ್ ಎನ್ನುವ ಸಣ್ಣ ಪದದ ಬಗ್ಗೆ ಇವರು ಕೇಳುವಷ್ಟು ಪ್ರಶ್ನೆ ಬೇರೆ ಯಾವ ಪದದ ಬಗ್ಗೆಯೂ ಕೇಳಲ್ಲ. ಪೊಲೀಸ್ ಭರ್ತಿಗೆ ಹೋಗುವವರಿಗೆ ಎತ್ತರ ಅಂದರೆ ಬದುಕಿನ ಪ್ರಶ್ನೆ, ಅದಕ್ಕೇ ಇರಬೇಕು. ಕ್ಲಾಸಿನಲ್ಲಿ ಎದ್ದು ಕೇಳಲು ಸಂಕೋಚಪಟ್ಟು ಆಮೇಲೆ ವಾಟ್ಸಾಪಿನಲ್ಲಿ ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಟಾಲ್ ಅಂದರೂ ಎತ್ತರ, ಹೈ ಅಂದರೂ ಎತ್ತರ. ಮತ್ತೆ ಎರಡು ಪದ ಯಾಕೆ?

ಗದಗದಿಂದ ಮುಂಡರಗಿ ಕಡೆ ಹೋಗುವಾಗ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿರುತ್ತವಲ್ಲ, ಅದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗುಡ್ಡ ಹೈ. ಅದರ ಮೇಲಿನ ಕಂಬ ಟಾಲ್. ತಿರುಗುವ ರೆಕ್ಕೆ ಲಾಂಗ್. ಆ ರೆಕ್ಕೆ ತಿರುಗುವ ಜಾಗ ನೆಲದಿಂದ ಬಹಳ ಮೇಲಿದೆ, ಅದು ಮತ್ತೆ ಹೈ.

ಅಂದರೆ ಟಾಲ್ ಹೇಳುವಾಗ ನಾವು ನೋಡುವುದು ಆ ವಸ್ತುವನ್ನೇ, ಅದರ ಬುಡದಿಂದ ತುದಿಯವರೆಗೆ. ಅಗಲ ಕಡಿಮೆ, ಎತ್ತರ ಜಾಸ್ತಿ ಇರಬೇಕು, ನೆಟ್ಟಗೆ ನಿಂತಿರಬೇಕು. ಮನುಷ್ಯ, ಮರ, ಕಂಬ, ಚಿಮಣಿ, ಬಹುಮಹಡಿ ಕಟ್ಟಡ, ತೇರು, ಆಳೆತ್ತರ ಬೆಳೆದ ಜೋಳದ ದಂಟು, ಎಲ್ಲವೂ ಟಾಲ್. ಹೈ ಹೇಳುವಾಗ ನೆಲದಿಂದ ಅಥವಾ ಸಮುದ್ರದಿಂದ ಎಷ್ಟು ಮೇಲೆ ಅಂತ ನೋಡುತ್ತೇವೆ. ಮೋಡ ಹೈ, ಹದ್ದು ಹಾರುವುದು ಹೈ, ಅಟ್ಟದ ಮೇಲಿಟ್ಟ ಡಬ್ಬಿ ಹೈ. ಬುಡ ಅಗಲವಾಗಿರುವ ಬೆಟ್ಟ ಗುಡ್ಡಗಳಿಗೂ, ಉದ್ದಕ್ಕೆ ಹಬ್ಬಿದ ಗೋಡೆಗೂ ಹೈ ಅನ್ನುವುದೇ ವಾಡಿಕೆ.

ಒಂದೇ ವಸ್ತುವಿಗೆ ಎರಡೂ ಪದ ಬಂದು ಅರ್ಥ ಬೇರೆಯಾಗುವುದೂ ಉಂಟು. ‘ಟಾಲ್ ವಿಂಡೋ’ ಅಂದರೆ ಕಿಟಕಿಯೇ ಎತ್ತರದ್ದು, ಹಳೆಯ ಬ್ರಿಟಿಷ್ ಕಾಲದ ಬಂಗಲೆಗಳಲ್ಲಿ ನೋಡಿರುತ್ತೀರಿ. ‘ಹೈ ವಿಂಡೋ’ ಅಂದರೆ ಗೋಡೆಯಲ್ಲಿ ಮೇಲೆ ಇಟ್ಟ ಕಿಟಕಿ, ಬಚ್ಚಲಿಗೆ ಇರುತ್ತದಲ್ಲ, ಅಂಥದ್ದು. ಅದು ಗೇಣಗಲದ್ದಾದರೂ ಹೈ. ಹಾಗೆಯೇ ಮನೆಯ ತಿಜೋರಿ ಟಾಲ್, ತಿಜೋರಿಯ ಮೇಲಿಟ್ಟ ಸೂಟ್‌ಕೇಸ್ ಹೈ. ಈ ಎರಡು ಜೋಡಿ ಮನಸ್ಸಿನಲ್ಲಿ ಕೂತರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ನಮ್ಮ ಕಡೆ ‘ಉದ್ದ ಹುಡುಗ’ ಅಂತೀವಿ. ‘ಲಾಂಗ್ ಬಾಯ್’ ಅನ್ನಬಹುದಾ?

ಬೇಡ. ಕನ್ನಡದ ಉದ್ದ ನಿಂತದ್ದಕ್ಕೂ ಸೈ, ಮಲಗಿದ್ದಕ್ಕೂ ಸೈ. ಇಂಗ್ಲಿಷಿನಲ್ಲಿ ಲಾಂಗ್ ಅನ್ನುವುದು ಅಡ್ಡಕ್ಕೆ ಚಾಚಿಕೊಂಡಿರುವುದಕ್ಕೆ ಅಥವಾ ಜೋತುಬಿದ್ದಿರುವುದಕ್ಕೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ, 2023ರಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದದ್ದು. ಅದು ಲಾಂಗ್. ಅಲ್ಲೇ ಪಕ್ಕದಲ್ಲಿರುವ ದೀಪದ ಕಂಬ ಟಾಲ್. ಕೂದಲು ಎಷ್ಟೇ ಉದ್ದವಿದ್ದರೂ ಲಾಂಗ್ ಹೇರ್, ಕಾಲು ಎಷ್ಟೇ ಉದ್ದವಿದ್ದರೂ ಲಾಂಗ್ ಲೆಗ್ಸ್, ಆದರೆ ಆ ಕಾಲಿನ ಒಡೆಯ ಟಾಲ್.

ಹಾವೇರಿ ಜಿಲ್ಲೆಯ ಹುಡುಗರಿಗೆ ನಾನು ಬ್ಯಾಡಗಿ ಮೆಣಸಿನಕಾಯಿ ಇಟ್ಟುಕೊಂಡೇ ಇದನ್ನು ಹೇಳಿಕೊಡುತ್ತೇನೆ. ಕಡ್ಡಿ ತಳಿಯ ಕಾಯಿ ತೆಳ್ಳಗೆ ನೀಳವಾಗಿರುತ್ತದೆ, ಅದು ಲಾಂಗ್. ಡಬ್ಬಿ ತಳಿಯದು ಗಿಡ್ಡಕ್ಕೆ ದುಂಡಗೆ, ಅದು ಶಾರ್ಟ್. ಹೊಲದಲ್ಲಿ ಗಿಡ ಚೆನ್ನಾಗಿ ಎದ್ದಿದ್ದರೆ ಟಾಲ್. ಮಾರುಕಟ್ಟೆಯಲ್ಲಿ ಚೀಲದ ಮೇಲೆ ಚೀಲ ಒಟ್ಟಿದ್ದರೆ ಆ ರಾಶಿ ಹೈ. ಆವತ್ತಿನ ರೇಟ್ ಏರಿದ್ದರೆ ಅದೂ ಹೈ. ಯಾವ ಕಾಲಕ್ಕೂ ‘ಟಾಲ್ ರೇಟ್’ ಅನ್ನಲ್ಲ. ಬೆಲೆ, ಜ್ವರ, ಬಿಪಿ, ವೇಗ, ಅಂಕ, ಬಡ್ಡಿ ಇವಕ್ಕೆಲ್ಲ ಹೈ ಒಂದೇ ಬರುವುದು, ಯಾಕೆಂದರೆ ಇವು ನಿಲ್ಲುವ ವಸ್ತುಗಳಲ್ಲ, ಏರಿ ಇಳಿಯುವ ಲೆಕ್ಕಗಳು.

‘ಹೌ ಹೈ ಆರ್ ಯು?’ ಅಂತ ಕೇಳಿದರೆ ತಪ್ಪಾ?

ತಪ್ಪು, ಮುಜುಗರವೂ ಆಗುತ್ತದೆ. ಮನುಷ್ಯರಿಗೆ ಹೈ ಅಂದರೆ ಅಮಲು ಏರಿದೆ ಅಂತ ಅರ್ಥ. ‘ಹೌ ಟಾಲ್ ಆರ್ ಯು?’ ಅಂತ ಕೇಳಿ. ‘ವಾಟ್ ಈಸ್ ಯುವರ್ ಹೈಟ್?’ ಅಂದರೂ ಸರಿ, ನಮ್ಮ ದೇಶದಲ್ಲಿ ಅದೇ ಜಾಸ್ತಿ ಬಳಕೆ. ಉತ್ತರ ಹೇಳುವಾಗ ‘ಐ ಆಮ್ ಫೈವ್ ಫೀಟ್ ಸೆವೆನ್’ ಅಥವಾ ‘ಮೈ ಹೈಟ್ ಈಸ್ ಒನ್ ಸೆವೆಂಟಿ ಸೆಂಟಿಮೀಟರ್ಸ್’. ‘ಮೈ ಹೈಟ್ ಈಸ್ ಟಾಲ್’ ಅನ್ನುವವರು ಬಹಳ. ಹಾಗನ್ನಬೇಡಿ, ಟಾಲ್ ಆಗಿರುವುದು ನೀವು.

ಫಾರ್ಮ್‌ನಲ್ಲಿ 5.6 ಅಂತ ಬರೆದರೆ ನಡೆಯುತ್ತಾ?

ಇದೊಂದಕ್ಕೆ ಉತ್ತರ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ. ಈ ಪುಟದಲ್ಲಿ ನಿಜಕ್ಕೂ ನಷ್ಟ ಮಾಡುವ ತಪ್ಪು ಅಂದರೆ ಇದೇ.

ನಾವೆಲ್ಲ ಬಾಯಲ್ಲಿ ‘ಐದು ಪಾಯಿಂಟ್ ಆರು’ ಅನ್ನುತ್ತೇವೆ, ಮನಸ್ಸಿನಲ್ಲಿ ಇರುವುದು ಐದು ಅಡಿ ಆರು ಇಂಚು. ಆದರೆ ಅಡಿಗೆ ಇರುವುದು 12 ಇಂಚು, 10 ಅಲ್ಲ. ಗಣಿತದ ಲೆಕ್ಕದಲ್ಲಿ 5.6 ಅಡಿ ಅಂದರೆ ಐದು ಅಡಿ, ಅದರ ಮೇಲೆ 12 ಇಂಚಿನಲ್ಲಿ ಹತ್ತರಲ್ಲಾರು ಭಾಗ, ಅಂದರೆ 7.2 ಇಂಚು. ಸೆಂಟಿಮೀಟರ್‌ಗೆ ತಂದರೆ ಸುಮಾರು 170.7. ಐದು ಅಡಿ ಆರು ಇಂಚು ಅಂದರೆ 66 ಇಂಚು, ಒಂದು ಇಂಚಿಗೆ 2.54 ಸೆಂ.ಮೀ., ಗುಣಿಸಿದರೆ 167.64. ಎರಡರ ನಡುವೆ ಮೂರು ಸೆಂಟಿಮೀಟರ್ ಫರಕು ಬಂತು, ನೋಡಿ.

ಈಗ ಅಸಲು ವಿಷಯ. ನಮ್ಮ ರಾಜ್ಯದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಭರ್ತಿಗೆ ಸಾಮಾನ್ಯವಾಗಿ ಕೇಳುವುದು ಗಂಡಸರಿಗೆ 168 ಸೆಂ.ಮೀ., ಹೆಣ್ಣುಮಕ್ಕಳಿಗೆ 157 ಸೆಂ.ಮೀ. ‘ನಾನು ಐದೂವರೆ ಅಡಿ ಇದ್ದೀನಿ, ಆಗುತ್ತೆ ಬಿಡ್ರಿ’ ಅಂತ ವರ್ಷಗಟ್ಟಲೆ ತಯಾರಿ ಮಾಡುವ ಹುಡುಗನ ನಿಜವಾದ ಎತ್ತರ 167.64. ಕೊರತೆ ನಾಲ್ಕು ಮಿಲಿಮೀಟರ್ ಕೂಡ ಇಲ್ಲ, ಆದರೂ ಕೊರತೆಯೇ. ಐದು ಅಡಿ ಏಳು ಇಂಚು ಇದ್ದರೆ 170.18, ಚಿಂತೆಯಿಲ್ಲ. ಹುಡುಗಿಯರಲ್ಲಿ ಐದು ಅಡಿ ಎರಡು ಇಂಚು ಅಂದರೆ 157.48, ದಾಟುತ್ತದೆ. ಐದು ಅಡಿ ಒಂದು ಇಂಚು ಅಂದರೆ 154.94, ಸಾಲದು. ಕೆಲವು ವರ್ಗ, ಕೆಲವು ಜಿಲ್ಲೆಗಳಿಗೆ ರಿಯಾಯಿತಿ ಇರುತ್ತದೆ, ಕೇಂದ್ರದ ಪಡೆಗಳ ಅಳತೆಯೇ ಬೇರೆ. ಹಾಗಾಗಿ ಆಯಾ ಅಧಿಸೂಚನೆಯನ್ನೇ ಓದಬೇಕು, ಯಾರೋ ಹೇಳಿದ್ದನ್ನು ನಂಬಿಕೊಂಡು ಕೂರಬಾರದು.

ಇನ್ನೂ ದೊಡ್ಡ ಎಡವಟ್ಟು 5.10ರದ್ದು. ಐದು ಅಡಿ ಹತ್ತು ಇಂಚಿನವನು 5.10 ಅಂತ ಬರೆದರೆ ಕಂಪ್ಯೂಟರಿಗೆ ಅದು 5.1, ಕೊನೆಯ ಸೊನ್ನೆಗೆ ಅಲ್ಲಿ ಬೆಲೆಯಿಲ್ಲ. ಮದುವೆ ಬಯೋಡಾಟಾಗಳಲ್ಲಂತೂ ಇದು ಸರ್ವೇಸಾಮಾನ್ಯ. ಸೆಂಟಿಮೀಟರ್‌ನಲ್ಲಿ ಬರೆಯಿರಿ, ಎಲ್ಲ ಗೊಂದಲಕ್ಕೂ ಅದೇ ಮದ್ದು. ಅಡಿಯಲ್ಲೇ ಬರೆಯಬೇಕಿದ್ದರೆ 5 ಅಡಿ 10 ಇಂಚು ಅಂತ ಬಿಡಿಸಿ ಬರೆಯಿರಿ. ಸೆಂಟಿಮೀಟರ್‌ನ ಇಂಗ್ಲಿಷ್ ಸಂಕೇತಕ್ಕೆ ಕೊನೆಯಲ್ಲಿ ಎಸ್ ಸೇರಿಸುವ ರೂಢಿ ಇದೆ, ಅದು ಬೇಡ. ಒಂದಿರಲಿ ನೂರಿರಲಿ, ಸಿ ಮತ್ತು ಎಂ ಎರಡೇ ಅಕ್ಷರ.

ಬೆಳಿಗ್ಗೆ ಅಳೆದರೆ ಎತ್ತರ ಜಾಸ್ತಿ ಬರುತ್ತೆ ಅಂತಾರೆ, ನಿಜವಾ?

ನಿಜ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಹಗಲೆಲ್ಲ ನಿಂತು, ಕೂತು, ಓಡಾಡಿ ಅವು ಸ್ವಲ್ಪ ಕುಗ್ಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ಹಿಗ್ಗುತ್ತವೆ. ಬೆಳಿಗ್ಗೆಗೂ ಸಂಜೆಗೂ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಬರಬಹುದು. ಅಂಚಿನಲ್ಲಿರುವವರು ಇದನ್ನು ತಿಳಿದಿರಲೇಬೇಕು. ಮನೆಯಲ್ಲಿ ಅಳೆದುಕೊಳ್ಳುವಾಗ ಚಪ್ಪಲಿ ಬಿಟ್ಟು, ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ, ನೋಟ ನೇರ ಇಟ್ಟು ನಿಲ್ಲಿ. ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಗೆರೆ ಹಾಕುವ ಕೆಲಸವನ್ನು ಬೇರೆಯವರಿಂದ ಮಾಡಿಸಿ. ನೀವೇ ಕೈ ಎತ್ತಿ ಗೆರೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಫೂಟ್ ಯಾವಾಗ, ಫೀಟ್ ಯಾವಾಗ?

ನಾಮಪದಕ್ಕೆ ಮೊದಲು ವಿಶೇಷಣವಾಗಿ ಬಂದರೆ ಫೂಟ್: ‘ಎ ಸಿಕ್ಸ್ ಫೂಟ್ ವಾಲ್’, ‘ಎ ಸಿಕ್ಸ್ ಫೂಟ್ ಟಾಲ್ ಮ್ಯಾನ್’. ಕ್ರಿಯಾಪದದ ನಂತರ ಬಂದರೆ ಫೀಟ್: ‘ದ ವಾಲ್ ಈಸ್ ಸಿಕ್ಸ್ ಫೀಟ್ ಹೈ’. ಮನುಷ್ಯರ ಎತ್ತರ ಹೇಳುವಾಗ ಮಾತಿನಲ್ಲಿ ‘ಫೈವ್ ಫೂಟ್ ಸಿಕ್ಸ್’ ಅನ್ನುವುದೂ ಉಂಟು, ಅದು ತಪ್ಪಲ್ಲ. ಇನ್ನೊಂದು ಗಮನಿಸಿ, ಅಳತೆ ಮೊದಲು, ಟಾಲ್ ಅಥವಾ ಹೈ ಆಮೇಲೆ. ‘ಟಾಲ್ ಸಿಕ್ಸ್ ಫೀಟ್’ ಅನ್ನುವುದಿಲ್ಲ.

ವೆಯ್ಟ್, ಎಯ್ಟ್ ಅಂತೀವಿ. ಹಾಗಾದರೆ ಹೆಯ್ಟ್ ಯಾಕಲ್ಲ?

ಸ್ಪೆಲಿಂಗ್ ನೋಡಿದರೆ ಅನುಮಾನ ಬರುವುದು ಸಹಜ, ಮೂರರಲ್ಲೂ ಇ, ಐ, ಜಿ, ಎಚ್, ಟಿ ಸಾಲಾಗಿ ಬರುತ್ತವೆ. ಆದರೂ ಹೈಟ್ ಅನ್ನುವುದು ಲೈಟ್, ನೈಟ್ ಪ್ರಾಸದ್ದೇ. ಕೊನೆಯಲ್ಲಿ ‘ತ್’ ಸೇರಿಸಿ ‘ಹೈಟ್ತ್’ ಅನ್ನುವವರೂ ಇದ್ದಾರೆ, ಲೆಂಗ್ತ್, ವಿಡ್ತ್ ಅಂದು ರೂಢಿಯಾದ ನಾಲಿಗೆ. ಹಳೆಯ ಇಂಗ್ಲಿಷಿನಲ್ಲಿ ಆ ರೂಪ ಇತ್ತು, ಈಗಿನ ಶಿಷ್ಟ ಬಳಕೆಯಲ್ಲಿ ಇಲ್ಲ.

ಅಂಗನವಾಡಿಯಲ್ಲಿ ಮಗುವಿಗೆ ‘ಲೆಂಗ್ತ್’ ಅಂತ ಬರೆದಿದ್ದಾರೆ. ಹೈಟ್ ಅಲ್ವಾ?

ಕಾರ್ಯಕರ್ತೆ ಸರಿಯಾಗಿಯೇ ಬರೆದಿದ್ದಾರೆ. ಎರಡು ವರ್ಷ ತುಂಬದ ಮಕ್ಕಳನ್ನು ಮಲಗಿಸಿ ಅಳೆಯಬೇಕು, ಅದು ಲೆಂಗ್ತ್. ಎರಡು ದಾಟಿದ ಮೇಲೆ ನಿಲ್ಲಿಸಿ ಅಳೆಯುವುದು, ಅದು ಹೈಟ್. ಹೆಸರು ಬೇರೆ ಇಟ್ಟದ್ದಕ್ಕೆ ಕಾರಣವಿದೆ. ಅದೇ ಮಗುವನ್ನು ಮಲಗಿಸಿ ಅಳೆದರೆ ನಿಲ್ಲಿಸಿ ಅಳೆದದ್ದಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ. ಹೋದ ಸಲ ಮಲಗಿಸಿ ಅಳೆದು ಈ ಸಲ ನಿಲ್ಲಿಸಿ ಅಳೆದರೆ ಮಗು ಬೆಳೆದೇ ಇಲ್ಲವೇನೋ ಅಂತ ತಾಯಿ ಗಾಬರಿಯಾಗುತ್ತಾಳೆ. ಹೇಗೆ ಅಳೆದದ್ದು ಅಂತ ಕೇಳಿಕೊಳ್ಳಿ.

ಟಾಲ್‌ಗೆ ವಿರುದ್ಧ ಶಾರ್ಟ್. ಹೈಗೆ?

ಲೋ. ‘ಲೋ ವಾಲ್’, ‘ಲೋ ರೇಟ್’, ‘ಲೋ ಬಿಪಿ’. ಶಾರ್ಟ್ ಎನ್ನುವುದು ಟಾಲ್‌ಗೂ ಲಾಂಗ್‌ಗೂ ಎರಡಕ್ಕೂ ವಿರುದ್ಧಪದ. ಬಾವಿಯ ವಿಷಯ ಬೇರೆ. ಲಕ್ಕುಂಡಿಯ ಮೆಟ್ಟಿಲುಬಾವಿಗಳ ಬಗ್ಗೆ ಬರೆಯುವಾಗ ಹೈಟ್ ಅಂತ ಬಳಸಿದವರನ್ನು ಕಂಡಿದ್ದೇನೆ. ಕೆಳಕ್ಕೆ ಇಳಿಯುವುದಕ್ಕೆ ಡೀಪ್ ಮತ್ತು ಡೆಪ್ತ್.

ಸ್ಟೇಷನ್‌ನ ಹಳದಿ ಬೋರ್ಡಿನಲ್ಲಿ ಊರ ಹೆಸರಿನ ಕೆಳಗೆ ಇರುವ ಎತ್ತರ ಯಾವುದರದ್ದು?

ಆ ಜಾಗ ಸರಾಸರಿ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎನ್ನುವುದು. ಇಂಗ್ಲಿಷಿನಲ್ಲಿ ಇದಕ್ಕೆ ಎಲಿವೇಷನ್ ಅನ್ನುತ್ತಾರೆ. ವಿಮಾನದಂಥದ್ದು ಗಾಳಿಯಲ್ಲಿ ಎಷ್ಟು ಮೇಲಿದೆ ಅನ್ನುವುದಕ್ಕೆ ಆಲ್ಟಿಟ್ಯೂಡ್. ಹೈಟ್ ಎರಡಕ್ಕೂ ನಡೆಯುತ್ತದೆ, ಆದರೆ ಪರೀಕ್ಷೆಯಲ್ಲಿ ಆಯ್ಕೆ ಕೊಟ್ಟಿದ್ದರೆ ನೆಲಕ್ಕೆ ಎಲಿವೇಷನ್ ಗುರುತು ಮಾಡಿ. ಹುಬ್ಬಳ್ಳಿ, ಧಾರವಾಡ ಎರಡೂ ನಿಲ್ದಾಣದ ಬೋರ್ಡು ಓದಿ ನೋಡಿ, ಧಾರವಾಡ ಎತ್ತರದಲ್ಲಿದೆ. ಉಣಕಲ್, ನವಲೂರು ದಾಟಿ ಬರುವಾಗ ರೈಲು ಏರುತ್ತಲೇ ಬರುತ್ತದೆ. ಹಾಗಂತ ‘ಧಾರವಾಡ ಈಸ್ ಟಾಲರ್ ದ್ಯಾನ್ ಹುಬ್ಬಳ್ಳಿ’ ಅನ್ನಲಾಗದು, ‘ಹೈಯರ್’ ಅನ್ನಬೇಕು.

ಜಗತ್ತಿನ ಅತಿ ಎತ್ತರದ ಪರ್ವತ ಎವರೆಸ್ಟ್. ಅದು ಟಾಲೆಸ್ಟ್ ಅಲ್ಲ ಅಂತ ಎಲ್ಲೋ ಓದಿದೆ.

ಸರಿಯಾಗಿಯೇ ಓದಿದ್ದೀರಿ, ಈ ಪ್ರಶ್ನೆ ಬಂದಾಗ ನನಗೆ ಬಹಳ ಖುಷಿಯಾಗುತ್ತದೆ. ಎವರೆಸ್ಟ್ ಸಮುದ್ರಮಟ್ಟದಿಂದ 8,848.86 ಮೀಟರ್, 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಅಳತೆ. ಅದು ಹೈಯೆಸ್ಟ್. ಹವಾಯಿಯ ಮೌನಾ ಕೀ ಎಂಬ ಜ್ವಾಲಾಮುಖಿ ಪರ್ವತ ಸಮುದ್ರದ ಮೇಲೆ ಕಾಣುವುದು 4,207 ಮೀಟರ್ ಮಾತ್ರ. ಆದರೆ ಅದರ ಬುಡ ಇರುವುದು ಸಾಗರದ ತಳದಲ್ಲಿ. ಅಲ್ಲಿಂದ ಅಳೆದರೆ 10,000 ಮೀಟರ್ ದಾಟುತ್ತದೆ. ಬುಡದಿಂದ ತುದಿಗೆ ಅಂದರೆ ಟಾಲ್, ಸಮುದ್ರದಿಂದ ಮೇಲಕ್ಕೆ ಅಂದರೆ ಹೈ, ಮೊದಲ ಪ್ರಶ್ನೆಯಲ್ಲಿ ಹೇಳಿದ ಮಾತೇ. ಬೆಟ್ಟಕ್ಕೆ ಸಾಮಾನ್ಯವಾಗಿ ಟಾಲ್ ಬಳಸದಿದ್ದರೂ ಈ ಹೋಲಿಕೆಯಲ್ಲಿ ಮಾತ್ರ ಬೇಕೇ ಬೇಕು. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ಇಂಥ ಪ್ರಶ್ನೆ ಬಂದರೆ ಪದ ನೋಡಿ ಉತ್ತರಿಸಿ.

ಹೈಕೋರ್ಟ್, ಹೈಸ್ಕೂಲ್, ಹೈವೇ ಇವುಗಳಲ್ಲಿ ಎತ್ತರ ಎಲ್ಲಿದೆ?

ಅಲ್ಲಿ ಹೈ ಅಂದರೆ ಮೇಲ್ಮಟ್ಟದ್ದು, ಮುಖ್ಯವಾದದ್ದು. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಕೆಳಗಿನ ಕೋರ್ಟುಗಳ ಮೇಲಿನದು, ಆ ಅರ್ಥದಲ್ಲಿ ಹೈ. ಹೈವೇ ಅಂದರೆ ಮುಖ್ಯ ರಸ್ತೆ, ಎತ್ತರಿಸಿದ ರಸ್ತೆಯಂತಲ್ಲ. ಹೈ ಟೆನ್ಷನ್ ಲೈನ್‌ನಲ್ಲಿ ತಂತಿ ಮೇಲಿದೆ ಅಂತ ಆ ಹೆಸರು ಬಂದದ್ದಲ್ಲ, ವೋಲ್ಟೇಜ್ ಜಾಸ್ತಿ ಅಂತ ಬಂದದ್ದು.

ಹೈಬ್ರಿಡ್ ಮಾತ್ರ ಈ ಗುಂಪಿಗೇ ಸೇರಿದ್ದಲ್ಲ. ನಮ್ಮ ರೈತರ ಬಾಯಲ್ಲಿ ಅದು ‘ಹೈಬ್ರೀಡ್’, ಹಾಗಾಗಿ ‘ಹೈ’ ಅಂದರೆ ಮೇಲ್ತರದ, ‘ಬ್ರೀಡ್’ ಅಂದರೆ ತಳಿ ಅಂತ ಬಿಡಿಸುವ ಹುಡುಗರು ಬಹಳ. ಅದು ಲ್ಯಾಟಿನ್ ಮೂಲದ ಬೇರೆಯೇ ಪದ, ಎರಡು ತಳಿ ಬೆರೆತು ಹುಟ್ಟಿದ್ದು ಅಂತ ಅರ್ಥ. ಧಾರವಾಡದ ಸಂಶೋಧನಾ ಕೇಂದ್ರದಿಂದಲೇ ಬಂದ ವರಲಕ್ಷ್ಮಿ, ಡಿಸಿಎಚ್-32 ಹತ್ತಿಗಳು ಹೈಬ್ರಿಡ್ ಆದದ್ದು ಎರಡು ಬೇರೆ ಜಾತಿಯ ಹತ್ತಿಯನ್ನು ಬೆರೆಸಿದ್ದರಿಂದ.

‘ಹೈ ಜಂಪ್’ ಸರಿ, ‘ಟಾಲ್ ಜಂಪ್’ ಯಾಕಿಲ್ಲ?

ಜಿಗಿತಕ್ಕೆ ಬುಡ ತುದಿ ಇಲ್ಲ. ನೆಲದಿಂದ ಎಷ್ಟು ಮೇಲೆ ದಾಟಿದಿರಿ ಅನ್ನುವುದಷ್ಟೇ ಲೆಕ್ಕ.

ಹೈಗೆ ‘ಲಿ’ ಸೇರಿಸಿದರೆ ಹೈಲಿ. ಟಾಲ್‌ಗೆ ಸೇರಿಸಿದರೆ ಟ್ಯಾಲಿಯಾ?

ಅಲ್ಲ. ಟ್ಯಾಲಿ ಅಂದರೆ ಲೆಕ್ಕ ತಾಳೆ ನೋಡುವುದು, ಕಾಮರ್ಸ್ ಹುಡುಗರು ಕಲಿಯುವ ಸಾಫ್ಟ್‌ವೇರ್‌ಗೂ ಅದೇ ಹೆಸರು. ಅದಕ್ಕೂ ಎತ್ತರಕ್ಕೂ ಸಂಬಂಧವಿಲ್ಲ. ಹೈಲಿ ಅಂದರೆ ತುಂಬ, ಬಹಳ ಅಂತ: ‘ಹೈಲಿ ಕ್ವಾಲಿಫೈಡ್’. ಹಕ್ಕಿ ಎತ್ತರದಲ್ಲಿ ಹಾರಿದರೆ ‘ದ ಬರ್ಡ್ ಫ್ಲೈಸ್ ಹೈ’, ‘ಹೈಲಿ’ ಅಲ್ಲ. ಟಾಲ್ ಕೂಡ ಹಾಗೇ ಉಳಿಯುತ್ತದೆ, ‘ಸ್ಟ್ಯಾಂಡ್ ಟಾಲ್’.

‘ಮೋರ್ ಟಾಲರ್’?

ಎರಡು ಸಲ ಹೇಳಿದಂತಾಯಿತು. ಟಾಲರ್ ಸಾಕು. ಒತ್ತಿ ಹೇಳಬೇಕಿದ್ದರೆ ‘ಮಚ್ ಟಾಲರ್’.

ಎತ್ತರಕ್ಕೆ ಸಂಬಂಧವೇ ಇಲ್ಲದ ಅರ್ಥಗಳೂ ಇವೆಯಂತೆ, ಯಾವುವು?

ಬೇಕಾದಷ್ಟಿವೆ. ಪೇಪರಿನಲ್ಲಿ ಕಣ್ಣಿಗೆ ಬೀಳುವಷ್ಟನ್ನು ಹೇಳುತ್ತೇನೆ. ‘ಟಾಲ್ ಕ್ಲೈಮ್’ ಅಂದರೆ ನಂಬಲಾಗದ ಹೇಳಿಕೆ, ಮೂರು ತಿಂಗಳಲ್ಲಿ ಎತ್ತರ ಹೆಚ್ಚಿಸುವ ಪುಡಿ ಅಂತ ಬರುವ ಜಾಹೀರಾತುಗಳ ಥರ. ಬೆಳವಣಿಗೆ ನಿಂತ ಮೇಲೆ ಯಾವ ಪುಡಿಯೂ ಎಲುಬನ್ನು ಉದ್ದ ಮಾಡಲ್ಲ, ದುಡ್ಡು ಕಳೆಯಬೇಡಿ. ‘ಟಾಲ್ ಸ್ಟೋರಿ’ ಅಂದರೆ ಬೊಗಳೆ ಕತೆ. ‘ಟಾಲ್ ಆರ್ಡರ್’ ಅಂದರೆ ಆಗದ ಹೋಗದ, ಬಹಳ ಕಷ್ಟದ ಬೇಡಿಕೆ. ‘ಸರ್ಚ್ ಹೈ ಅಂಡ್ ಲೋ’ ಅಂದರೆ ಮೂಲೆಮೂಲೆ ಹುಡುಕು. ‘ಲೆಫ್ಟ್ ಹೈ ಅಂಡ್ ಡ್ರೈ’ ಅಂದರೆ ನಡುನೀರಿನಲ್ಲಿ ಕೈಬಿಟ್ಟರು ಅಂತ.

‘ಇಟ್ ಈಸ್ ಹೈ ಟೈಮ್’ ಪರೀಕ್ಷೆಯವರಿಗೆ ಪ್ರೀತಿಯ ಪ್ರಶ್ನೆ. ಅರ್ಥ ‘ಇಷ್ಟೊತ್ತಿಗೆ ಆಗಬೇಕಿತ್ತು’. ಅದರ ನಂತರ ಕರ್ತೃ ಬಂದರೆ ಕ್ರಿಯಾಪದ ಭೂತಕಾಲದ ರೂಪದಲ್ಲಿರಬೇಕು: ‘ಇಟ್ ಈಸ್ ಹೈ ಟೈಮ್ ವಿ ಸ್ಟಾರ್ಟೆಡ್’. ಹೇಳುತ್ತಿರುವುದು ಈಗ ಶುರುಮಾಡಬೇಕಾದ ಕೆಲಸ, ರೂಪ ಮಾತ್ರ ಭೂತಕಾಲದ್ದು. ಇದರಲ್ಲಿ ಎಷ್ಟೋ ಜನ ಒಂದು ಅಂಕ ಬಿಡುತ್ತಾರೆ.

ಹೈಟ್ ಎಂಬುದಕ್ಕೂ ತುತ್ತತುದಿ ಎಂಬ ಅರ್ಥವಿದೆ. ‘ದ ಹೈಟ್ ಆಫ್ ಸಮ್ಮರ್’ ಅಂದರೆ ನಡುಬೇಸಿಗೆ, ‘ದ ಹೈಟ್ ಆಫ್ ಫೂಲಿಶ್‌ನೆಸ್’ ಅಂದರೆ ದಡ್ಡತನದ ಪರಮಾವಧಿ. ಎತ್ತರದ ಜಾಗಕ್ಕೆ ಹೆದರುವವರು ‘ಅಫ್ರೇಡ್ ಆಫ್ ಹೈಟ್ಸ್’ ಅನ್ನಬೇಕು, ಇಲ್ಲಿ ಬಹುವಚನ ಕಡ್ಡಾಯ. ಅಪಾರ್ಟ್‌ಮೆಂಟುಗಳ ಹೆಸರಿನ ಕೊನೆಗೆ ಬರುವ ಹೈಟ್ಸ್ ಎತ್ತರದ ಜಾಗ ಅನ್ನುವ ಅರ್ಥದ್ದೇ.

ಟಾಲ್ ಪದಕ್ಕೆ ಮೊದಲಿನಿಂದಲೂ ಇದೇ ಅರ್ಥವಾ?

ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಚುರುಕು, ಸಿದ್ಧ ಎಂಬಂಥ ಅರ್ಥವಿತ್ತು. ಆಮೇಲೆ ಚೆಂದದವನು, ಧೈರ್ಯವಂತ ಅಂತಾಯಿತು. ಎತ್ತರ ಎಂಬ ಅರ್ಥ ಗಟ್ಟಿಯಾಗಿ ನಿಂತದ್ದು ಸುಮಾರು 500 ವರ್ಷಗಳಿಂದೀಚೆಗೆ. ಹೈ ಮಾತ್ರ ಮೊದಲಿನಿಂದಲೂ ಎತ್ತರವೇ.

ನಾನು ಗಿಡ್ಡ. ಇಂಟರ್‌ವ್ಯೂನಲ್ಲಿ ಎತ್ತರ ಕೇಳಿದರೆ ಹೇಗೆ ಹೇಳಲಿ?

ಅಳತೆ ಹೇಳಿ, ಅಷ್ಟೇ. ‘ಐ ಆಮ್ ಒನ್ ಫಿಫ್ಟಿ ಎಯ್ಟ್ ಸೆಂಟಿಮೀಟರ್ಸ್ ಟಾಲ್’. ಈ ವಾಕ್ಯದಲ್ಲಿ ಟಾಲ್ ಅಂದರೆ ಎತ್ತರದವನು ಅಂತಲ್ಲ, ಎತ್ತರದ ಅಳತೆ ಇಷ್ಟು ಅಂತ ಮಾತ್ರ, ಹಾಗಾಗಿ ಎಷ್ಟೇ ಗಿಡ್ಡವಿದ್ದರೂ ಟಾಲ್ ಅಂತಲೇ ಹೇಳಬೇಕು. ‘ಒನ್ ಫಿಫ್ಟಿ ಎಯ್ಟ್ ಸೆಂಟಿಮೀಟರ್ಸ್ ಶಾರ್ಟ್’ ಅಂದರೆ 158 ಸೆಂ.ಮೀ. ಕೊರತೆ ಇದೆ ಅಂತಾಗುತ್ತದೆ. ‘ಸಾರಿ’ ಸೇರಿಸಬೇಡಿ, ತಲೆ ತಗ್ಗಿಸಬೇಡಿ. ಬೇರೆಯವರ ಬಗ್ಗೆ ಹೇಳುವಾಗ ಶಾರ್ಟ್ ಅಂದರೆ ಕೆಲವರಿಗೆ ನೋವಾಗಬಹುದು, ಅಂಥಲ್ಲಿ ‘ನಾಟ್ ವೆರಿ ಟಾಲ್’ ಅನ್ನಿ. ಅಳತೆಯ ಕಟ್ಟುಪಾಡು ಇರುವುದು ಪೊಲೀಸ್, ಸೇನೆಯಂಥ ಕೆಲವು ಕಡೆ ಮಾತ್ರ. ಎಫ್‌ಡಿಎ, ಎಸ್‌ಡಿಎ, ಬ್ಯಾಂಕು, ಶಿಕ್ಷಕರ ಹುದ್ದೆಗಳಿಗೆ ನಿಮ್ಮ ಎತ್ತರ ಯಾರೂ ಅಳೆಯುವುದಿಲ್ಲ.